ತಪ್ಪು ತಕ್ಕಡಿಯಲ್ಲಿ ಗಾಳಿಯ ತೂಕ

ಗಾಳಿಯ ಮಾಲಿನ್ಯದ ಮಾತು ಬಂದಾಗಲೆಲ್ಲ ನಮ್ಮ ಚಳವಳಿಯ ಮಿತ್ರರು ಅಂಕಿಯೊಂದನ್ನು ಎತ್ತಿ ಹಿಡಿಯುತ್ತಾರೆ. ಅದನ್ನು ಅಳೆದ ಉಪಕರಣ ಯಾವುದೆಂದು ಯಾರೂ ಕೇಳುವುದಿಲ್ಲ. ರಾಮನಗರದ ಗೂಡಿನ ಮಾರುಕಟ್ಟೆಗೆ ಬರುವ ರೈತ ತಕ್ಕಡಿಯ ಮೇಲೆ ಕಣ್ಣಿಡದೆ ಗೂಡು ಸುರಿಯುವುದಿಲ್ಲ. ಉಸಿರಿನ ವಿಷಯದಲ್ಲಿ ಮಾತ್ರ ಈ ಔದಾಸೀನ್ಯವೇಕೆ?

ನಾನು ಹೇಳುತ್ತಿರುವುದು ನೈಟ್ರೋಜನ್ ಡೈಆಕ್ಸೈಡ್ ಕುರಿತು. ಇಂಧನ ಉರಿಯುವ ಉಷ್ಣದಲ್ಲಿ ಸಾರಜನಕ, ಆಮ್ಲಜನಕಗಳು ಕೂಡಿ ಹುಟ್ಟುವ ಅನಿಲವಿದು. ಬಿಡದಿಯ ಕೈಗಾರಿಕೆಗಳು, 2023ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ದಶಪಥ, ಕನಕಪುರ ಮಾಗಡಿಗಳ ಕಲ್ಲು ಸಾಗಿಸುವ ಲಾರಿಗಳು: ಮೂಲಗಳಿಗೆ ಕೊರತೆಯಿಲ್ಲ. ಬಿಸಿಲಿನಲ್ಲಿ ಇದೇ ಅನಿಲ ಒಡೆದು ಓಜೋನ್‌ಗೆ ಜನ್ಮ ಕೊಡುತ್ತದೆ. ಓಜೋನ್ ರಸ್ತೆಯಂಚಿಗಿಂತ ಗಾಳಿ ಬೀಸುವ ದಿಕ್ಕಿನ ಹಳ್ಳಿಗಳಲ್ಲಿ ಹೆಚ್ಚು ಕಟ್ಟಿಕೊಂಡು, ಪತ್ರರಂಧ್ರಗಳ ಮೂಲಕ ಎಲೆಯನ್ನು ಹೊಕ್ಕು ದ್ಯುತಿಸಂಶ್ಲೇಷಣೆಯನ್ನು ಕುಗ್ಗಿಸುತ್ತದೆ. ಹಿಪ್ಪುನೇರಳೆಯ ಎಲೆಯನ್ನೇ ನಂಬಿದ ಸೀಮೆ ಇದನ್ನು ಪಟ್ಟಣದವರ ಚಿಂತೆಯೆಂದು ಬದಿಗಿಡಲಾದೀತೆ?

ಕೇಂದ್ರದ 2009ರ ಅಧಿಸೂಚನೆ ಈ ಅನಿಲವನ್ನು ಅಳೆಯಲು ಎರಡು ವಿಧಾನಗಳನ್ನು ಹೆಸರಿಸಿದೆ. ಒಂದು, ಗಾಳಿಯನ್ನು ರಾಸಾಯನಿಕ ದ್ರಾವಣದಲ್ಲಿ ಹಾಯಿಸುವುದು. ಅದೂ ವಾರಕ್ಕೆರಡು ದಿನದಂತೆ ವರ್ಷಕ್ಕೆ 104 ದಿನ. ಮಿಕ್ಕ 261 ದಿನ ನಾವು ಉಸಿರಾಡುವುದಿಲ್ಲವೇನೋ! ಇನ್ನೊಂದು, ಕಾದ ಮಾಲಿಬ್ಡಿನಂ ಮೇಲೆ ಹಾಯಿಸಿ ಡೈಆಕ್ಸೈಡನ್ನು ನೈಟ್ರಿಕ್ ಆಕ್ಸೈಡ್ ಆಗಿ ಬದಲಿಸಿ, ಅದು ಓಜೋನ್‌ನೊಡನೆ ಬೆರೆತಾಗ ಹೊಮ್ಮುವ ಬೆಳಕನ್ನು ಎಣಿಸುವ ಯಂತ್ರ. ದೋಷವಿರುವುದು ಇಲ್ಲಿಯೇ. ಮಾಲಿಬ್ಡಿನಂ ನೈಟ್ರಿಕ್ ಆಮ್ಲವನ್ನೂ ಇತರ ನೈಟ್ರೇಟ್ ಸಂಯುಕ್ತಗಳನ್ನೂ ಹಾಗೆಯೇ ಬದಲಿಸುತ್ತದೆ. ಬುಟ್ಟಿಯನ್ನೂ ಗೂಡೆಂದು ತೂಗಿದಂತೆ. ರಸ್ತೆಬದಿಯ ಹೊಸ ಹೊಗೆಯಲ್ಲಿ ಈ ದೋಷ ಅಲ್ಪ. ಹೊಗೆ ದೂರ ಸಾಗಿ ಹಳತಾದಷ್ಟೂ, ಅಂದರೆ ಮಧ್ಯಾಹ್ನದ ಬೆಟ್ಟದ ತಪ್ಪಲಿನಲ್ಲಿ, ಅದು ಬೆಳೆಯುತ್ತದೆ.

ಲೇಸರ್ ಉಪಕರಣಕ್ಕೆ ಈ ರೋಗವಿಲ್ಲ. ನೈಟ್ರೋಜನ್ ಡೈಆಕ್ಸೈಡ್ ನೇರಳೆ–ನೀಲಿ ಬೆಳಕನ್ನು ಹೀರುತ್ತದೆ. ಅದರ ಕಂದು ಬಣ್ಣಕ್ಕೂ ಅದೇ ಕಾರಣ. ಅತಿಪ್ರತಿಫಲಕವಾದ ಎರಡು ಕನ್ನಡಿಗಳ ನಡುವೆ, ದೂಳು ಸೋಸಿದ ಗಾಳಿಯೊಳಗೆ ಆ ಬಣ್ಣದ ಲೇಸರ್ ಬೆಳಕನ್ನು ಬಿಟ್ಟರೆ ಅದು ಸಾವಿರಾರು ಬಾರಿ ಪುಟಿದು, ಗಿಡ್ಡ ಕೊಳವೆಯಲ್ಲೇ ಕಿಲೋಮೀಟರುಗಟ್ಟಲೆ ಸಂಚರಿಸುತ್ತದೆ. ಶುದ್ಧ ಗಾಳಿಗಿಂತ ಎಷ್ಟು ಬೇಗ ಆ ಬೆಳಕು ನಂದಿತೆಂಬುದೇ ಅನಿಲದ ಅಳತೆ. ನಡುವೆ ಯಾವ ಪರಿವರ್ತಕವೂ ಇಲ್ಲ.

“ನಿಮ್ಮ ಲೇಸರ್ ಕಡಿಮೆ ಅಂಕಿ ತೋರಿಸಿದರೆ ಲಾಭ ಕಂಪನಿಗಳಿಗಲ್ಲವೇ?” ಎಂದು ನಮ್ಮವರೇ ಗೊಣಗುತ್ತಾರೆ. ಈ ಲೆಕ್ಕಾಚಾರ ನನಗೆ ಒಪ್ಪಿಗೆಯಿಲ್ಲ. ಹಸಿರು ನ್ಯಾಯಮಂಡಳಿಯ ಮುಂದೆ ಎದುರು ವಕೀಲರು ಮಾಲಿಬ್ಡಿನಂ ದೋಷವನ್ನು ಬಿಚ್ಚಿಟ್ಟ ದಿನ, ಅದರೊಡನೆ ನಮ್ಮ ನಿಜವಾದ ದೂರೂ ಕೊಚ್ಚಿಹೋಗುತ್ತದೆ. ನಮ್ಮ ದೇಶದ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 10. ಸರಿಯಾಗಿ ಅಳೆದ 20 ಕೂಡ ನಮಗೆ ಸಾಕಷ್ಟು ಬಲವಾದ ಸಾಕ್ಷ್ಯ.

ಉಪಗ್ರಹವಿದೆಯಲ್ಲ ಎನ್ನುವವರಿದ್ದಾರೆ. 2017ರಲ್ಲಿ ಹಾರಿದ ಸೆಂಟಿನೆಲ್–5ಪಿ ಮಧ್ಯಾಹ್ನ ಒಂದೂವರೆಯ ಸುಮಾರಿಗೆ ನಮ್ಮ ನೆತ್ತಿಯನ್ನು ದಾಟುವಾಗ ನೆಲದಿಂದ ಮೇಲಿನ ಗಾಳಿಯ ಇಡೀ ಕಂಬವನ್ನು ಎಣಿಸುತ್ತದೆ; ಸಂಜೆ ಶಾಲೆ ಬಿಟ್ಟ ಮಗು ರಸ್ತೆ ದಾಟುವಾಗ ಏನು ಉಸಿರಾಡಿತೆಂದು ಅದು ಹೇಳಲಾರದು. ಅಗ್ಗದ ಸಂವೇದಕಗಳೋ, ಬಿಸಿಲು–ತೇವ ಬದಲಾದಂತೆ ಮಾತು ಬದಲಿಸುತ್ತವೆ.

2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ಹೊಸ ಹೆಸರು ಬಂತು. ಅದೇ ವರ್ಷ ಬಿಡದಿ ಉಪನಗರಕ್ಕಾಗಿ ಭೂಸ್ವಾಧೀನದ ಪ್ರಾಥಮಿಕ ಅಧಿಸೂಚನೆಯೂ ಹೊರಟಿತು. ಕಟ್ಟಡಗಳೆದ್ದ ಮೇಲೆ ಅಳೆದರೆ ಹೋಲಿಸಲು ಹಿಂದಿನ ಅಂಕಿ ಎಲ್ಲಿಂದ ತರುವುದು? ಆದ್ದರಿಂದ ನಮ್ಮ ಗ್ರಾಮಸಭೆಗಳು ಈಗಲೇ ನಿರ್ಣಯ ಮಾಡಬೇಕು: ಬಿಡದಿಯಲ್ಲಿ, ಚನ್ನಪಟ್ಟಣದ ಹೆದ್ದಾರಿ ಬದಿಯಲ್ಲಿ, ಸಾವನದುರ್ಗದ ತಪ್ಪಲಿನಲ್ಲಿ, ಕನಕಪುರದ ರಾಗಿಹೊಲದ ನಡುವೆ ಲೇಸರ್ ಮಾಪಕಗಳನ್ನಿಟ್ಟು ಪೂರ್ತಿ ಒಂದು ವರ್ಷ ಅಳೆಯಬೇಕು, ಗಂಟೆಗಂಟೆಯ ಅಂಕಿಯನ್ನು ಪಂಚಾಯಿತಿಯ ಫಲಕದಲ್ಲಿ ಕನ್ನಡದಲ್ಲಿ ಬರೆಯಬೇಕು, ಅಲ್ಲಿಯವರೆಗೆ ಯಾವ ಹೊಸ ಪರವಾನಗಿಯನ್ನೂ ಕೊಡಕೂಡದು.