ಎಲ್ಲರ ಮಾನಕಕ್ಕೆ ಬೇಲಿ ಹಾಕಿದವರು

2013ರಲ್ಲಿ ಎಚ್‌ಇವಿಸಿ ಎಂಬ ವಿಡಿಯೊ ಮಾನಕ ಹೊರಬಂತು. ಹಿಂದಿನ ಎಚ್.264ರಷ್ಟೇ ಸ್ಪಷ್ಟವಾದ ಚಿತ್ರ, ಸುಮಾರು ಅರ್ಧದಷ್ಟು ಡೇಟಾದಲ್ಲಿ. ಡೇಟಾ ಪ್ಯಾಕ್ ಮುಗಿದೀತೆಂದು ಪಾಠದ ವಿಡಿಯೊವನ್ನು ಅರ್ಧಕ್ಕೇ ನಿಲ್ಲಿಸುವ ಹಳ್ಳಿಯ ಹುಡುಗಿಗೆ ಇದಕ್ಕಿಂತ ದೊಡ್ಡ ಉಪಕಾರ ಏನಿತ್ತು? ಅಂಥದ್ದನ್ನು ಕೈಯಾರೆ ಹಾಳುಮಾಡಿದರು. ಶತ್ರುಗಳು ಬಂದು ಮಾಡಿದ್ದಲ್ಲ. ಕಟ್ಟಿದವರೇ ಮಾಡಿದ್ದು.

ಮಾನಕಗಳನ್ನು ಹೊರತರುವ ಐಎಸ್‌ಒ, ಐಟಿಯು ಸಂಸ್ಥೆಗಳ ನಿಯಮ ಹೀಗಿದೆ: ಮಾನಕದೊಳಗೆ ನಿಮ್ಮ ಪೇಟೆಂಟ್ ಇದ್ದರೆ ‘ನ್ಯಾಯವಾದ ಷರತ್ತಿನಲ್ಲಿ’ ಲೈಸೆನ್ಸ್ ಕೊಡುತ್ತೇನೆ ಎಂದು ಬರೆದುಕೊಟ್ಟರೆ ಸಾಕು. ಎಷ್ಟು ಹಣ ಎಂಬ ಮಾತನ್ನು ಸಮಿತಿ ಎತ್ತುವುದೇ ಇಲ್ಲ. ಮೊದಲು ಮಾನಕ, ಜಗತ್ತೆಲ್ಲ ಅದಕ್ಕೆ ಒಗ್ಗಿಕೊಂಡ ಮೇಲೆ ವಸೂಲಿ. ಊರಿನವರೆಲ್ಲ ದನ ಬಿಟ್ಟಾದ ಮೇಲೆ ಗೋಮಾಳಕ್ಕೆ ಬೇಲಿ ಹಾಕಿ, ಒಳಗಿರುವ ಒಂದೊಂದು ದನಕ್ಕೂ ಕಾಸು ಕೇಳುವ ಕ್ರಮ ಇದು. ಎಚ್‌ಇವಿಸಿಗೆ ಮೊದಲು ಎಂಪೆಗ್ ಎಲ್‌ಎ ಎಂಬ ಪೇಟೆಂಟ್ ಕೂಟ ವಸೂಲಿಗೆ ನಿಂತಿತು. 2015ರಲ್ಲಿ ಎಚ್‌ಇವಿಸಿ ಅಡ್ವಾನ್ಸ್, 2017ರಲ್ಲಿ ವೆಲೋಸ್ ಮೀಡಿಯಾ. ಈ ಮೂರು ಕೂಟಗಳಿಗೂ ಸೇರದ ಪೇಟೆಂಟ್‌ದಾರರು ಬೇರೆ. ಎಲ್ಲರಿಗೂ ಕೊಟ್ಟರೆ ಒಟ್ಟು ಎಷ್ಟಾಗುತ್ತದೆಂದು ಹೇಳುವವರೇ ಇರಲಿಲ್ಲ. 2018ರಲ್ಲಿ, ಈ ಮಾನಕ ಕಟ್ಟಿದವರಲ್ಲಿ ಒಂದಾದ ಎಂಪೆಗ್ ಸಮಿತಿಯ ಸ್ಥಾಪಕ ಲಿಯೊನಾರ್ಡೊ ಕ್ಯಾರಿಲಿಯೋನೆ ಅವರೇ ಇದನ್ನು ಬಿಕ್ಕಟ್ಟು ಎಂದು ಬಹಿರಂಗವಾಗಿ ಬರೆದರು.

ಪ್ರತಿಗೆ ಇಷ್ಟು ಎಂಬ ಶುಲ್ಕ ಎಷ್ಟೇ ಚಿಕ್ಕದಿರಲಿ, ಮುಕ್ತ ತಂತ್ರಾಂಶಕ್ಕೆ ಅದು ಮರಣಶಾಸನ. ಯಾರು ಬೇಕಾದರೂ ನಕಲು ಮಾಡಿ ಹಂಚಬಹುದಾದ ತಂತ್ರಾಂಶದ ಪ್ರತಿಗಳನ್ನು ಎಣಿಸುವವರು ಯಾರು? ಹಣ ಕಟ್ಟುವವರು ಯಾರು? 2022ರಲ್ಲಿ ಫೆಡೋರಾ ಲಿನಕ್ಸ್ ಬಳಗ ಕಾನೂನಿನ ಭಯದಿಂದ ಎಚ್.264, ಎಚ್‌ಇವಿಸಿ ವಿಡಿಯೊಗಳಿಗೆ ಗ್ರಾಫಿಕ್ಸ್ ಚಿಪ್ ಕೊಡುತ್ತಿದ್ದ ನೆರವನ್ನು ಕಿತ್ತುಹಾಕಿತು. ಚಿಪ್‌ನಲ್ಲಿ ಆ ಶಕ್ತಿ ಇದೆ, ಕೊಂಡವರು ದುಡ್ಡು ತೆತ್ತಿದ್ದಾರೆ, ನಿನ್ನೆಯವರೆಗೆ ಅದು ನಡೆಯುತ್ತಿತ್ತು. ಚೆನ್ನಾಗಿ ನಡೆಯುವುದನ್ನು ಕೆಡಿಸುವುದಕ್ಕೆ ಬೌದ್ಧಿಕ ಆಸ್ತಿಯ ರಕ್ಷಣೆ ಎಂಬ ಹೆಸರು!

ಇದು ಗೊತ್ತಿಲ್ಲದೆ ಆದ ತಪ್ಪು ಎನ್ನಲೂ ಸಾಧ್ಯವಿಲ್ಲ, ಪಾಠ ಮೊದಲೇ ಆಗಿತ್ತು. 1987ರಲ್ಲಿ ಕಂಪ್ಯೂಸರ್ವ್ ಕಂಪನಿ ಜಿಫ್ ಚಿತ್ರಮಾದರಿಯನ್ನು ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟಿತು. ಅದರೊಳಗೆ ಡೇಟಾ ಕುಗ್ಗಿಸುವ ಎಲ್‌ಝಡ್‌ಡಬ್ಲ್ಯು ವಿಧಾನದ ಮೇಲೆ ಯೂನಿಸಿಸ್ ಕಂಪನಿಯ ಕೈಸೇರಿದ್ದ ಪೇಟೆಂಟ್ ಇತ್ತು. ಜಿಫ್ ಲೋಕದ ತುಂಬ ಹರಡಿದ ಮೇಲೆ, 1994ರ ಕೊನೆಯಲ್ಲಿ, ತಂತ್ರಾಂಶ ಬರೆಯುವವರು ಶುಲ್ಕ ಕೊಡಬೇಕೆಂಬ ಪ್ರಕಟಣೆ ಬಂತು. ಸಿಟ್ಟಿಗೆದ್ದ ಪ್ರೋಗ್ರಾಮರುಗಳು ಪೇಟೆಂಟಿನ ಹಂಗಿಲ್ಲದ ಪಿಎನ್‌ಜಿ ಮಾದರಿಯನ್ನು ತಾವೇ ಕಟ್ಟಿದರು. 1996ರಲ್ಲಿ ಅದು ವೆಬ್ ಮಾನಕವಾಯಿತು. ಅವರ ಬುದ್ಧಿಶಕ್ತಿಗೆ ನಮಸ್ಕಾರ. ಆದರೆ ಇದ್ದ ದಾರಿಯನ್ನು ಮುಚ್ಚಿದ್ದಕ್ಕೆ ಹೊಸ ದಾರಿ ಕಡಿಯುವುದರಲ್ಲಿ ಸವೆದ ಅವರ ಶ್ರಮಕ್ಕೆ ಯಾರು ಉತ್ತರ ಕೊಟ್ಟರು?

ವೆಬ್ ಬದುಕಿದ್ದು ಹೇಗೆಂಬುದನ್ನೂ ಎಲ್ಲರೂ ಕಣ್ಣಾರೆ ಕಂಡಿದ್ದಾರೆ. 1993ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯ ವೆಬ್ಬಿಗೆ ಪೈಪೋಟಿಯಾಗಿದ್ದ ತನ್ನ ಗೋಫರ್ ವ್ಯವಸ್ಥೆಯ ಸರ್ವರಿಗೆ ಶುಲ್ಕದ ಮಾತೆತ್ತಿತು, ಜನ ದೂರ ಸರಿದರು. ಅದೇ ವರ್ಷ ಏಪ್ರಿಲ್ 30ರಂದು, ವೆಬ್ ಹುಟ್ಟಿದ ಸಂಶೋಧನಾ ಕೇಂದ್ರ ಸರ್ನ್, ವೆಬ್ಬಿನ ತಂತ್ರಾಂಶವನ್ನು ಜಗತ್ತಿಗೆ ಒಪ್ಪಿಸಿಬಿಟ್ಟಿತು. ಅಷ್ಟಾದರೂ 2001ರಲ್ಲಿ ವೆಬ್ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯೊಳಗೇ ಆ ಮಾನಕಗಳಿಗೆ ಶುಲ್ಕ ವಿಧಿಸಲು ಅವಕಾಶ ಕೊಡುವ ಕರಡು ಹುಟ್ಟಿತು. ಜನ ಬೀದಿಗಿಳಿದಂತೆ ಪ್ರತಿಭಟಿಸಿದ್ದರಿಂದಲೇ 2004ರಲ್ಲಿ ಶುಲ್ಕರಹಿತ ನೀತಿ ಬಂತು.

ಯೂನಿಕೋಡ್‌ನಲ್ಲಿ ಕನ್ನಡದ ಅಕ್ಷರಗಳಿಗೆ ಕೊಟ್ಟಿರುವ ಸಂಕೇತಗಳನ್ನು ಬಳಸಲು ನಾವು ಯಾರಿಗೂ ಪೈಸೆ ಕೊಡುತ್ತಿಲ್ಲ. ಹಾಗಾಗಿಯೇ ಬಿಡುವಿನ ವೇಳೆಯಲ್ಲಿ ಕೀಲಿಮಣೆ, ಫಾಂಟ್, ನಿಘಂಟು ಕಟ್ಟಿಕೊಟ್ಟ ಕನ್ನಡದ ಹುಡುಗರು ಯಾರ ಅಪ್ಪಣೆಗೂ ಕಾಯಬೇಕಾಗಲಿಲ್ಲ. ಅಕ್ಷರಕ್ಕೆ ಸಿಕ್ಕ ಈ ಸ್ವಾತಂತ್ರ್ಯ ವಿಡಿಯೊಗೆ ಏಕಿಲ್ಲ?

2010ರ ನವೆಂಬರಿನಲ್ಲಿ ಭಾರತ ಸರ್ಕಾರ ಇ-ಆಡಳಿತಕ್ಕಾಗಿ ಮುಕ್ತ ಮಾನಕಗಳ ನೀತಿ ಪ್ರಕಟಿಸಿತು. ಅಗತ್ಯ ಪೇಟೆಂಟುಗಳು ಮಾನಕ ಇರುವಷ್ಟು ಕಾಲವೂ ಶುಲ್ಕವಿಲ್ಲದೆ ಸಿಗಬೇಕೆಂದು ಅದು ಹೇಳುತ್ತದೆ. ಹೆಮ್ಮೆಪಡುವ ಮಾತೇ. ಆದರೆ ಅಂಥ ಮಾನಕ ಸಿಗದಿದ್ದರೆ ಷರತ್ತು ಸಡಿಲಿಸಬಹುದೆಂಬ ಕಿಂಡಿಯನ್ನೂ ಅದೇ ನೀತಿ ಬಿಟ್ಟಿದೆ. ಆ ಕಿಂಡಿ ಮುಚ್ಚಿ. ಸಾರ್ವಜನಿಕ ಹಣದಲ್ಲಿ ಮಾಡಿದ ಪಾಠದ ವಿಡಿಯೊ, ಸದನದ ಕಲಾಪ, ಆಕಾಶವಾಣಿ–ದೂರದರ್ಶನಗಳ ಸಂಗ್ರಹ, ಎಲ್ಲದರ ಒಂದೊಂದು ಪ್ರತಿಯಾದರೂ ಯಾರ ಲೈಸೆನ್ಸೂ ಬೇಡದ ಮಾದರಿಯಲ್ಲಿ ಇರಲೇಬೇಕೆಂದು ಪ್ರತಿ ಟೆಂಡರಿನಲ್ಲೂ ಬರೆಯಿರಿ. ಪೇಟೆಂಟ್ ಇರುವವರು ಎಷ್ಟು ಕೇಳುತ್ತೇವೆಂಬುದನ್ನು ಮಾನಕಕ್ಕೆ ಮುದ್ರೆ ಬೀಳುವ ಮೊದಲೇ ಹೇಳಲಿ. ಹೇಳದವರ ವಿದ್ಯೆಯನ್ನು ಮಾನಕದಿಂದ ಹೊರಗಿಡಿ.