ಬಿರುದು ಸಾಕು, ಬಡ್ತಿ ಕೊಡಿ

ಮಂಡಿಕಲ್ ಹೋಬಳಿಯ ಹಳ್ಳಿಗಳಲ್ಲಿ ಗರ್ಭಿಣಿಯರ ಲೆಕ್ಕ, ಕೂಸುಗಳ ಚುಚ್ಚುಮದ್ದಿನ ದಿನ, ಕ್ಷಯರೋಗಿಯ ಗುಳಿಗೆ, ಇವೆಲ್ಲ ಯಾರ ಕೈಯಲ್ಲಿವೆ? ಆಶಾ ಕಾರ್ಯಕರ್ತೆಯ ಕೈಯಲ್ಲಿ. ನಡುರಾತ್ರಿ ಹೆರಿಗೆ ನೋವೆಂದರೆ ಜೊತೆಗೆ ಹೊರಡುವವಳೂ ಆಕೆಯೇ. ಮಾಡುವುದು ಆಸ್ಪತ್ರೆಯ ಕೆಲಸ. ಆಸ್ಪತ್ರೆಯ ನೌಕರರ ಪಟ್ಟಿಯಲ್ಲಿ ಮಾತ್ರ ಆಕೆಯ ಹೆಸರಿಲ್ಲ!

2005ರಲ್ಲಿ ಯೋಜನೆ ಹೊರಡಿಸಿದ ದಿಲ್ಲಿ ಸರ್ಕಾರ ಆಕೆಯನ್ನು ‘ಸ್ವಯಂಸೇವಕಿ’ ಎಂದು ಕರೆಯಿತು. ಮೋಸವೆಲ್ಲ ಈ ಒಂದು ಪದದಲ್ಲಿ ಅಡಗಿದೆ. ಸ್ವಯಂಸೇವಕಿಗೆ ಸಂಬಳವಿಲ್ಲ, ಗೌರವಧನವಷ್ಟೆ. ಸಂಬಳವಿಲ್ಲದ ಮೇಲೆ ದರ್ಜೆಯಿಲ್ಲ. ದರ್ಜೆಯಿಲ್ಲದ ಮೇಲೆ ಸೇವಾ ಹಿರಿತನವಿಲ್ಲ. ಹಿರಿತನವಿಲ್ಲದವಳಿಗೆ ಬಡ್ತಿ ಎಲ್ಲಿಯದು?

ಗಿರಣಿ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವರ್ಷಗಟ್ಟಲೆ ಬದಲಿ ಆಳಾಗಿ ದುಡಿಸಿಕೊಂಡು ಖಾಯಂ ಪಟ್ಟಿಗೆ ಹೆಸರು ಹತ್ತಿಸದ ಮಾಲೀಕರ ಚಾಳಿ ಅವರಿಗೆ ಗೊತ್ತು. ಇಲ್ಲಿ ಮಾಲೀಕ ಸರ್ಕಾರವೇ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ರೇಷ್ಮೆಗೂಡಿನ ಗುಣ ನೋಡಿ ಬೆಲೆ ಕಟ್ಟುತ್ತಾರೆ. ಹದಿನೈದು ವರ್ಷ ಮನೆಮನೆ ತಿರುಗಿ ಕಲಿತ ಹೆಣ್ಣಿನ ಅನುಭವಕ್ಕೆ ಬೆಲೆ ಕಟ್ಟುವವರಿಲ್ಲ.

“ಓದಿ ಮೇಲಕ್ಕೆ ಬರಲಿ” ಎನ್ನುವ ಬುದ್ಧಿವಂತರುಂಟು. ಎ.ಎನ್.ಎಂ. ತರಬೇತಿಗೆ ಪಿ.ಯು.ಸಿ. ಆಗಿರಬೇಕು, ವಯಸ್ಸಿನ ಮಿತಿ ಬೇರೆ. ತರಬೇತಿ ಎರಡು ವರ್ಷ. ಅಷ್ಟು ದಿನ ಆಕೆಯ ಮನೆಯ ಒಲೆ ಹೇಗೆ ಉರಿಯಬೇಕು? ಏಣಿಯ ಕೆಳಗಿನ ಮೆಟ್ಟಿಲುಗಳನ್ನು ಮುರಿದಿಟ್ಟು ಹತ್ತಿ ಎನ್ನುವುದು ನ್ಯಾಯವೆ?

2013ರ ಭಾರತೀಯ ಕಾರ್ಮಿಕ ಸಮ್ಮೇಳನ ಇವರನ್ನು ಕಾರ್ಮಿಕರೆಂದು ಮಾನ್ಯ ಮಾಡಬೇಕೆಂದು ಶಿಫಾರಸು ಮಾಡಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಶಸ್ತಿ ಕೊಟ್ಟಿತು. ಪ್ರಶಸ್ತಿಗೆ ಚಪ್ಪಾಳೆ ಬಿತ್ತು. ಶಿಫಾರಸು ಕಡತದಲ್ಲಿ ನಿದ್ದೆ ಹೋಯಿತು. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲಿರುಳು ಕುಳಿತ ಮೇಲೆ ತಿಂಗಳಿಗೆ 10,000 ರೂಪಾಯಿಯ ಭರವಸೆ ದೊರೆಯಿತು. ಹೋರಾಡಿ ಪಡೆದದ್ದು, ನಿಜ. ಆದರೆ ಅದು ಗೌರವಧನದ ಮಾತು, ಬಡ್ತಿಯ ಮಾತಲ್ಲ.

ಈ ಅನ್ಯಾಯ ನಮ್ಮಲ್ಲಿ ಮಾತ್ರವೂ ಅಲ್ಲ. ಲೋಕದ ಆರೋಗ್ಯ ಕೆಲಸಗಾರರಲ್ಲಿ ನೂರಕ್ಕೆ 70 ಮಂದಿ ಹೆಂಗಸರು; ಮೇಲಿನ ಹುದ್ದೆಗಳಲ್ಲಿ ಅವರು 25 ಮಾತ್ರ ಎಂದು ಅದೇ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರೆಯಿತು.

ನಾವು ಕೇಳುವುದು ಮೂರೇ ಮಾತು: ಆಶಾಗಳನ್ನು ನೌಕರರೆಂದು ದಾಖಲಿಸಿ. ದುಡಿದ ವರ್ಷಗಳನ್ನು ಹಿರಿತನಕ್ಕೆ ಸೇರಿಸಿ. ಸಂಬಳ ಸಹಿತ ತರಬೇತಿ ಕೊಟ್ಟು ಆಸ್ಪತ್ರೆಯ ಹುದ್ದೆಗಳಲ್ಲಿ ಅವರಿಗೊಂದು ಪಾಲು ಕಾದಿರಿಸಿ.

ಅಂಗಡಿಯ ಬಂಧುಗಳೇ, ನಿಮ್ಮ ಮನೆಯ ಕೂಸಿಗೆ ಚುಚ್ಚುಮದ್ದಿನ ದಿನ ನೆನಪಿಸಿದವಳು ಈಕೆ. ಗಿರಣಿಯ ಸಂಗಾತಿಗಳೇ, ನಿಮ್ಮ ಸಂಘದ ಬೇಡಿಕೆ ಪಟ್ಟಿಯಲ್ಲಿ ಈಕೆಯ ಬೇಡಿಕೆಯನ್ನೂ ಬರೆಯಿರಿ. ದುಡಿಮೆ ಒಂದೇ ಆದ ಮೇಲೆ ಹೋರಾಟ ಎರಡಾಗಬಾರದು.