ಆಸ್ಪತ್ರೆ ಮಂಚಕ್ಕೆ 5 ಲಕ್ಷ, ಮನೆಯ ಚಾಪೆಗೆ?

ನಮ್ಮ ಕೇರಿಯಲ್ಲೊಬ್ಬ ಹುಡುಗನಿದ್ದಾನೆ. ಸೆರೆಬ್ರಲ್ ಪಾಲ್ಸಿ ಅಂತಾರೆ ಡಾಕ್ಟರು. ಕೈಕಾಲು ಸೆಟೆದಿವೆ, ಮಾತು ತೊದಲು, ಬುದ್ಧಿ ಚುರುಕು. ಅವನವ್ವ ಕೂಲಿಗೆ ಹೋದ ದಿನ ಅವನು ಸಂಜೆತನಕ ಮಲಗಿದಲ್ಲೇ ಉಚ್ಚೆ ಹೊಯ್ದುಕೊಂಡು ಬಿದ್ದಿರುತ್ತಾನೆ. ಹೋಗದ ದಿನ ಒಲೆ ಉರಿಯೋದಿಲ್ಲ. ಆ ಮನೆಯ ಗೋಡೆಗೆ ಆಯುಷ್ಮಾನ್ ಕಾರ್ಡು ನೇತುಬಿದ್ದಿದೆ.

2018ರಿಂದ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಸುಳ್ಳಲ್ಲ. ಹೃದಯದ ಆಪರೇಷನ್ನಾಗಿ ಬದುಕಿದ ನಮ್ಮವರಿದ್ದಾರೆ, ಅದನ್ನು ಹೀಯಾಳಿಸಲ್ಲ. ಆದರೆ ಅದು ಆಸ್ಪತ್ರೆಗೆ ದಾಖಲಾದವನ ವಿಮೆ. ದಾಖಲಾಗೋಕೆ ಮುಂಚಿನ 3 ದಿನ, ಬಿಟ್ಟು ಕಳಿಸಿದ ಮೇಲೆ 15 ದಿನ, ಅಲ್ಲಿಗೆ ಮುಗೀತು. ಹದಿನಾರನೇ ದಿನ ಅವನ ಕಾಲು ನೀವಿ ಬಗ್ಗಿಸೋರು ಯಾರು? ಉಣಿಸೋರು, ತೊಳೆಯೋರು ಯಾರು? ಅದಕ್ಕೆ ‘ಪ್ಯಾಕೇಜ್’ ಇಲ್ಲ. ಅದರಲ್ಲಿ ಯಾವ ಖಾಸಗಿ ಆಸ್ಪತ್ರೆಗೂ ಲಾಭವಿಲ್ಲ ನೋಡಿ!

ನಿರಾಮಯ ಅಂತ ಇನ್ನೊಂದು ವಿಮೆ ಇದೆ, ನ್ಯಾಷನಲ್ ಟ್ರಸ್ಟಿನದು. 1 ಲಕ್ಷದವರೆಗೆ, ದಾಖಲಾಗದಿದ್ದರೂ ಥೆರಪಿಗೆ ಸಿಗುತ್ತೆ. ಒಳ್ಳೇದೇ. ಆದರೆ ಮೊದಲು ಕೈಯಿಂದ ಕೊಟ್ಟು, ಬಿಲ್ಲು ಕಳಿಸಿ, ಕಾಯಬೇಕು. ಕೈಯಲ್ಲಿ ಕಾಸಿದ್ದರೆ ತಾನೆ ಸ್ವಾಮಿ?

2024ರ ರಾಜ್ಯ ಬಜೆಟ್ಟಿನಲ್ಲಿ ಇಂಥವರ ಆರೈಕೆ ಮಾಡುವವರಿಗೆ ತಿಂಗಳಿಗೆ 1000 ರೂಪಾಯಿ ಘೋಷಿಸಿದರು. ದಿನಕ್ಕೆ 33 ರೂಪಾಯಿ. ಅದೇ ವರ್ಷ ಉದ್ಯೋಗ ಖಾತ್ರಿಯಲ್ಲಿ ಮಣ್ಣು ಹೊತ್ತರೆ ದಿನದ ಕೂಲಿ 349. ಮಗನನ್ನು ಹೊತ್ತರೆ ಅದರ ಹತ್ತರಲ್ಲೊಂದು ಪಾಲೂ ಇಲ್ಲ. ಅವ್ವ ತಾನೆ, ಪುಕ್ಕಟೆ ಮಾಡ್ತಾಳೆ ಅನ್ನೋ ಧೈರ್ಯ ಇವರಿಗೆ.

ಮೇಷ್ಟ್ರೇ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 5ನೇ ಸೆಕ್ಷನ್ ಓದಿ. ಅಂಗವಿಕಲರಿಗೆ ಸಮುದಾಯದೊಳಗೆ ಬಾಳುವ ಹಕ್ಕಿದೆ ಅನ್ನುತ್ತೆ. ಇಂಥಲ್ಲೇ ಇರು ಅಂತ ಕಟ್ಟುಪಾಡು ಹಾಕುವಂತಿಲ್ಲ, ಬೇಕಾದವರಿಗೆ ಮನೆಯಲ್ಲೇ ಸಹಾಯಕರ ನೆರವು ಸಿಗಬೇಕು ಅನ್ನುತ್ತೆ. ಆದರೆ ಇದಕ್ಕೆಲ್ಲ ಸರ್ಕಾರ ‘ಪ್ರಯತ್ನಿಸ’ಬೇಕಂತೆ! ಪ್ರಯತ್ನ ಮಾಡಿದ್ವಿ, ಆಗಲಿಲ್ಲ ಅಂದರೆ ಯಾರನ್ನು ಕೇಳೋಣ?

ಉಳ್ಳವರು ಬುದ್ಧಿ ಹೇಳ್ತಾರೆ: ಯಾವುದಾದರೂ ಆಶ್ರಮಕ್ಕೆ ಸೇರಿಸಿಬಿಡಿ. ಊರ ಹೊರಗಿಡೋದು ಅಂದರೇನು ಅಂತ ನಮಗೇ ಪಾಠ ಹೇಳಬೇಡಿ. ಕೇರಿಯನ್ನು ಊರಾಚೆ ಕಟ್ಟಿದ ಬುದ್ಧಿಯೇ ಇದು. ನಾವು ಕೇರಿಯಲ್ಲಿ ಹುಟ್ಟಿದ್ದಕ್ಕೂ ಅವನ ಕಾಲು ಸೆಟೆದದ್ದಕ್ಕೂ ಹಿಂದಿನ ಜನ್ಮದ ಕರ್ಮ ಅಂದ ಬಾಯೇ ಈಗ ‘ದಿವ್ಯಾಂಗ’ ಅಂತ ಹೆಸರಿಟ್ಟು ಸುಮ್ಮನಾಗಿದೆ. ನಮ್ಮಲ್ಲೂ ಹುಳುಕಿದೆ, ಹೇಳಿಬಿಡುತ್ತೇನೆ. ಇಷ್ಟು ವರ್ಷದ ನಮ್ಮ ಸಭೆಗಳಿಗೆ ಆ ಹುಡುಗನನ್ನು ಒಂದು ದಿನವೂ ಹೊತ್ತು ತಂದಿಲ್ಲ.

ವಿಮೆಯ ದುಡ್ಡು ಮಂಚ ಬಿಟ್ಟು ಮನೆಗೂ ಬರಲಿ. ಆರೈಕೆ ಮಾಡುವ ಕೈಗೆ ಪೂರ್ತಿ ಕೂಲಿ. ಆ ಕೈ ಅವ್ವನದಾದರೆ ಅವ್ವನಿಗೇ. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಅವನೇ ಕೇಳುತ್ತಾನಂತೆ. ಪಂಚಾಯ್ತಿ ಕಟ್ಟಡಕ್ಕೆ ಐದು ಮೆಟ್ಟಿಲಿವೆ. ಎತ್ತಿಕೊಳ್ಳಲು ನಾಲ್ಕು ಜನ ಬೇಕು, ಬನ್ನಿ.